ಗಾಳಿ ನುಸುಳದ ಗಾಜಿನ ಪೆಟ್ಟಿಗೆ

ಮೇಸ್ತ್ರಿ ಮಾಡಿದ ಶೋಕೇಸಿನ ಬಾಗಿಲು ಮುಚ್ಚಿದರೆ ಸಂದಿಯಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವೂ ತೂರುವುದಿಲ್ಲ ಎಂಬ ಮಾತು ಊರಿನಲ್ಲಿತ್ತು. ಆ ಮಾತನ್ನು ಮೊದಲು ಹುಟ್ಟಿಸಿದವನು ಮೇಸ್ತ್ರಿಯೇ. ಆಮೇಲೆ ಅದು ಗಾಜಿನ ಅಂಗಡಿಯವನ ಬಾಯಿಗೆ ಬಿತ್ತು, ಅಲ್ಲಿಂದ ಊರಿಗೆಲ್ಲ ಹಬ್ಬಿತು. ಕೊನೆಕೊನೆಗೆ ಅದನ್ನೇ ಬೇರೆಯವರ ಬಾಯಲ್ಲಿ ಕೇಳಿ, "ಅಯ್ಯೋ, ಜನ ಏನೇನೋ ಹೇಳ್ತಾರೆ ಬಿಡಿ" ಎಂದು ನಾಚಿಕೊಳ್ಳುವಷ್ಟು ಅವನು ಅದನ್ನು ನಂಬಿಬಿಟ್ಟಿದ್ದ.

ನಂಬಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಕೆಲಸ ಹಾಗೆಯೇ ಇತ್ತು. ಚಪ್ಪಲಿ ಅಂಗಡಿ, ಕನ್ನಡಕದ ಅಂಗಡಿ, ಗಡಿಯಾರ ರಿಪೇರಿಯವನ ಕಿಷ್ಕಿಂಧೆಯಂಥ ಗೂಡು, ಎಲ್ಲಕ್ಕೂ ಅವನದೇ ಶೋಕೇಸು. ಇಪ್ಪತ್ತೆರಡು ವರ್ಷಗಳಿಂದ ಊರಿನ ಮ್ಯೂಸಿಯಂಗೂ ಅವನೇ. ಹಳೆಯ ದಾಸ್ತಾನು ಗೋದಾಮಿಗೆ ಸುಣ್ಣ ಬಳಿದು ಮಾಡಿದ ಮ್ಯೂಸಿಯಂ ಅದು. ಮುರಿದ ಮಡಕೆ, ತುಕ್ಕು ಹಿಡಿದ ಕತ್ತಿ, ಯಾರೂ ಗುರುತು ಹಿಡಿಯದ ಮನುಷ್ಯರ ಫೋಟೋಗಳು. ನೋಡಲು ಬರುವವರು ಮಡಕೆ ನೋಡುತ್ತಿದ್ದರು. ಮೇಸ್ತ್ರಿ ಮಾತ್ರ ಅಲ್ಲಿಗೆ ಹೋದಾಗಲೆಲ್ಲ ಮಡಕೆಯ ಸುತ್ತಲಿನ ಚೌಕಟ್ಟನ್ನು ನೋಡುತ್ತಿದ್ದ.

ಕೆಲಸ ಕಲಿಸಿದ ಗುರು ಸತ್ತು ಎಷ್ಟೋ ವರ್ಷವಾಗಿತ್ತು. ಬೈಗುಳವೇ ಪಾಠ ಎಂದುಕೊಂಡಿದ್ದ ಮನುಷ್ಯ. ಅವನು ಬಿಟ್ಟುಹೋದ ಕಟ್ಟಳೆ ಒಂದೇ: ಹೊಸ ಶೋಕೇಸು ಮಾಡಿದ ಮೇಲೆ ಬಾಗಿಲು ಬಿಚ್ಚಿ, ಎರಡು ತಿಂಗಳು ಹಾಗೇ ಬಾಯಿ ತೆರೆದುಕೊಂಡು ನಿಲ್ಲಲು ಬಿಡಬೇಕು. ಯಾಕೆ ಎಂದು ಅವನು ಹೇಳಲಿಲ್ಲ, ಮೇಸ್ತ್ರಿ ಕೇಳಲೂ ಇಲ್ಲ. ಬಣ್ಣದ ಘಾಟು ಗಿರಾಕಿಯ ಮೂಗಿಗೆ ಬಡಿಯದಿರಲಿ ಅಂತ ಇರಬೇಕು ಎಂದುಕೊಂಡು ಮೂವತ್ತು ವರ್ಷ ಪಾಲಿಸಿಕೊಂಡು ಬಂದಿದ್ದ.

ಅವನನ್ನು ಬೆಳೆಸಿದವಳು ಅಕ್ಕ. ತಾಯಿ ಹೋದಾಗ ಅವನಿಗೆ ಎಂಟು, ಅವಳಿಗೆ ಹತ್ತೊಂಬತ್ತು. ಮದುವೆಯಾಗಿ ಹೋಗುವಾಗ ಹಾಸಿಗೆ ಸುರುಳಿಯ ಜೊತೆ ತಮ್ಮನನ್ನೂ ಕಟ್ಟಿಕೊಂಡೇ ಹೋದಳು. ಭಾವ ಒಂದು ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕಂಪೋಸಿಟರ್. ಒಂದೊಂದೇ ಅಕ್ಷರದ ಮೊಳೆ ಹೆಕ್ಕಿ, ಎಡಬಲ ತಿರುಗಿಸಿ ಸಾಲು ಕಟ್ಟುವ ಕೆಲಸ. ದಿನವಿಡೀ ಬೇರೆಯವರ ಮಾತು ಜೋಡಿಸಿ ಜೋಡಿಸಿ, ಮನೆಗೆ ಬರುವ ಹೊತ್ತಿಗೆ ಅವನ ಬಳಿ ಸ್ವಂತದ್ದೊಂದು ಮಾತೂ ಉಳಿದಿರುತ್ತಿರಲಿಲ್ಲ. ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿಲ್ಲ. "ಕೇಳು" ಎನ್ನುತ್ತಿದ್ದ, ಅಷ್ಟೇ. ಅಕ್ಕ ತಿರುಗಿ ನೋಡುತ್ತಿದ್ದಳು. ಆ ಮನೆಯ ಸಂಸಾರ ಅಷ್ಟರಲ್ಲೇ ನಡೆದುಹೋಗುತ್ತಿತ್ತು.

ಮೇಸ್ತ್ರಿಗೆ ಮದುವೆಯಾಗಿ ಪಕ್ಕದ ಓಣಿಗೆ ಹೋದ ಮೇಲೂ ಅಕ್ಕನಿಗೆ ಅವನು ಎಂಟು ವರ್ಷದವನೇ. ಅವನ ಬಾಡಿಗೆ ಶೆಡ್ಡನ್ನು ಒಡೆಯ ಖಾಲಿ ಮಾಡಿಸಿದಾಗ ಅವಳು ಗಂಡನನ್ನು ಒಂದು ಮಾತೂ ಕೇಳದೆ ಮನೆಯ ಮುಂದಿನ ಕೋಣೆಯನ್ನು ತಮ್ಮನ ಕೆಲಸಕ್ಕೆ ಕೊಟ್ಟುಬಿಟ್ಟಳು. ಭಾವ ಸಂಜೆ ಕೂತು ಪೇಪರ್ ಓದುತ್ತಿದ್ದ ಕೋಣೆ ಅದು; ಕಿಟಕಿಯ ಪಕ್ಕ ಅವನದೊಂದು ಕುರ್ಚಿಯಿತ್ತು. ಕುರ್ಚಿ ಹಿತ್ತಲಿಗೆ ಹೋಯಿತು, ಆ ಜಾಗಕ್ಕೆ ಗರಗಸದ ಮೇಜು ಬಂತು. ಭಾವ ಆರು ತಿಂಗಳು ಸುಮ್ಮನಿದ್ದ. ಒಂದು ಸಂಜೆ ತಟ್ಟೆಯಲ್ಲಿ ಮರದ ಪುಡಿ ಕಂಡಾಗ ತಟ್ಟೆ ದೂಡಿ ಎದ್ದ. "ನಿನಗೆ ತಮ್ಮ ಒಬ್ಬ ಇದ್ರೆ ಸಾಕು. ನಾನು ಈ ಮನೇಲಿ ಯಾಕಿರಬೇಕು?" ಎಂದ. ಮದುವೆಯಾದಾಗಿನಿಂದ ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅದಾದ ಮೇಲೆ ಮೂರು ವಾರ "ಕೇಳು" ಕೂಡ ನಿಂತುಹೋಯಿತು.

ಆ ಮೂರು ವಾರ ಮುಗಿಯುವಾಗಲೇ ಪ್ರೆಸ್ಸು ಮುಚ್ಚಿತು. ಕೊನೆಯ ದಿನ ಭಾವ ಒಂದು ಭಾರದ ಪೊಟ್ಟಣ ಎತ್ತಿಕೊಂಡು ಏದುಸಿರು ಬಿಡುತ್ತ ಬಂದ. ಬಿಚ್ಚಿದರೆ, ಕಬ್ಬಿಣದ ಚೌಕಟ್ಟಿನೊಳಗೆ ಅವನೇ ಜೋಡಿಸಿ ಬಿಗಿದ ಒಂದು ಪುಟದ ಮೊಳೆ, ಅಂಗೈಯಗಲಕ್ಕಿಂತ ತುಸು ದೊಡ್ಡದು, ಸುತ್ತ ದಾರ.

"ಕೇಳು," ಎಂದ. "ಇದು ನಿನಗೆ. ಎಲ್ಲಾದ್ರೂ ಪ್ರೆಸ್ ಹುಡುಕಿ ನೀಟಾಗಿ ಅಚ್ಚು ಹಾಕಿಸಿ ಕೊಡ್ತೀನಿ, ಆಮೇಲೆ ಓದು. ಕನ್ನಡಿ ಗಿನ್ನಡಿ ಹಿಡ್ಕೊಂಡು ಓದೋಕೆ ಹೋಗಬೇಡ ಮತ್ತೆ."

ನಾಲ್ಕನೇ ದಿನ ಬಚ್ಚಲಲ್ಲಿ ಜಾರಿ ಬಿದ್ದವನು ಮತ್ತೆ ಏಳಲಿಲ್ಲ.

ಹದಿನೆಂಟು ವರ್ಷ ಅಕ್ಕ ಆ ಪುಟವನ್ನು ಎಣ್ಣೆ ಕಾಗದದಲ್ಲಿ ಸುತ್ತಿ, ತಗಡಿನ ಟ್ರಂಕಿನಲ್ಲಿಟ್ಟು ಮಂಚದ ಕೆಳಗೆ ಜೋಪಾನ ಮಾಡಿದಳು. ವರ್ಷಕ್ಕೊಮ್ಮೆ ತೆಗೆದು ಒಣಬಟ್ಟೆಯಲ್ಲಿ ಒರೆಸಿ, ಕಾಗದ ಬದಲಿಸಿ, ಹಾಗೇ ಒಳಗಿಡುತ್ತಿದ್ದಳು. ಕನ್ನಡಿ ಹಿಡಿಯಲಿಲ್ಲ. ಮಸಿ ಹಚ್ಚಿ ಕೈಯಲ್ಲೇ ಕಾಗದ ಒತ್ತಿದರೂ ಮೂಡುತ್ತದೆ ಎಂದು ಯಾರೋ ಹೇಳಿದರೆ, "ಅವರು ನೀಟಾಗಿ ಅಂದಿದ್ದು" ಎಂದು ಬಾಯಿ ಮುಚ್ಚಿಸಿದಳು. ಅದು ಬರೀ ಹಟವಾಗಿರಲಿಲ್ಲ. ಒಂದು ಸಲ ತಮ್ಮನ ಹತ್ತಿರ ಮಾತ್ರ ಬಾಯಿ ಬಿಟ್ಟಿದ್ದಳು: "ಅದರಲ್ಲೂ ಅದೇ ಮಾತು ಬರೆದಿದ್ರೆ ನಾನೇನು ಮಾಡ್ಲೋ?" ಗಂಡ ಕೋಪದಲ್ಲೇ ಹೋದನೋ, ಸಮಾಧಾನ ಮಾಡಿಕೊಂಡು ಹೋದನೋ ಎಂಬುದು ಆ ಟ್ರಂಕಿನಲ್ಲಿತ್ತು. ಅವಳು ತಿಳಿಯಲೂ ಒದ್ದಾಡುತ್ತಿದ್ದಳು, ತಿಳಿಯಲು ಹೆದರಿಯೂ ಇದ್ದಳು. ಊರಿನ ಮೊಳೆ ಪ್ರೆಸ್ಸುಗಳೆಲ್ಲ ಅಷ್ಟರಲ್ಲಿ ಜೆರಾಕ್ಸ್ ಅಂಗಡಿಗಳಾಗಿ, ಆ ಹೆದರಿಕೆಗೆ ಒಳ್ಳೆಯ ನೆಪವೂ ಸಿಕ್ಕಿತ್ತು.

ಹೀಗಿರುವಾಗ ಮ್ಯೂಸಿಯಂಗೆ ಹೊಸ ಮೇಡಂ ಬಂದರು. ಚುರುಕಿನ ಹೆಂಗಸು, ನಡೆಯುವಾಗಲೂ ಏನಾದರೊಂದು ಬರೆದುಕೊಳ್ಳುವವರು. ಹೊರಗಿನಿಂದ ಒಬ್ಬ ತಜ್ಞನನ್ನು ಕರೆಸಿ ಎಲ್ಲ ಕೋಣೆ ತೋರಿಸಿದರು. ತಜ್ಞ ಮೇಸ್ತ್ರಿಯ ಇಪ್ಪತ್ತೆರಡು ವರ್ಷದ ಕೆಲಸದ ಮುಂದೆ ನಿಂತು, ಬಾಗಿಲಿನ ಸಂದಿಗೆ ಒಂದು ತೆಳು ಕಾಗದ ತೂರಿಸಿದ. ಅದು ಸಲೀಸಾಗಿ ಒಳಗೆ ಹೋಯಿತು.

"ಇವು ಶೋಕೇಸ್ ಅಲ್ಲ, ಪಂಜರ," ಎಂದ. "ಧೂಳು, ಹುಳ ಎಲ್ಲ ಒಳಗೇ ಸಂಸಾರ ಮಾಡ್ತಿವೆ."

ಮೇಸ್ತ್ರಿ ಅಲ್ಲೇ, ಒಂದು ಮಾರು ದೂರದಲ್ಲಿ, ಕೈಯಲ್ಲಿ ಟೇಪು ಹಿಡಿದು ನಿಂತಿದ್ದ. ಅವನ ಮುಖ ಕಪ್ಪಿಟ್ಟಿತು. ಮರ ಹಳೆಯದಾದಂತೆ ಒಣಗಿ ಸಂದಿ ಬಿಡುತ್ತದೆ, ಯಾರ ಕೈಯ ಮರವಾದರೂ ಅಷ್ಟೇ ಎಂದು ಹೇಳಬಹುದಿತ್ತು. ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ಆ ದಿನ ಮನೆಯಲ್ಲಿ ಊಟ ಸೇರಲಿಲ್ಲ. "ಪಂಜರ ಅಂತೆ ಕಣೇ, ಪಂಜರ" ಎಂದು ಹೆಂಡತಿಗೆ ನಾಲ್ಕು ಸಲ ಹೇಳಿದ. ಐದನೇ ಸಲಕ್ಕೆ ಅವಳು, "ಹಾಗಾದ್ರೆ ಒಂದು ಗಿಳಿ ಸಾಕೋಣ ಬಿಡಿ" ಎಂದಳು. ಅವನು ನಗಲಿಲ್ಲ.

ಮೇಡಂ ಊರಿನ ಕಸುಬುಗಳಿಗಾಗಿ ಒಂದು ಹೊಸ ವಿಭಾಗ ಮಾಡುವವರಿದ್ದರು. ಮೊದಲ ಕೋಣೆ ಅಚ್ಚಿನ ಕೆಲಸದ್ದು. ಯಾವುದೋ ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಕೈಪ್ರೆಸ್ಸು ಸಿಕ್ಕಿತ್ತು. ಮಸಿ ಹಚ್ಚುವ ರೋಲರು ಮಾತ್ರ ಕರಗಿಹೋಗಿ ಅಂಟಾಗಿತ್ತು. ಹೊಸ ರೋಲರಿಗೆ ಹೇಳಿಕಳಿಸಿದ್ದರು. ಕೋಣೆಯ ನಡುವಿನ ಶೋಕೇಸನ್ನು, ತಜ್ಞ ಹೇಳಿದ ರೀತಿಯಲ್ಲೇ ಮಾಡಿಕೊಡಿ ಎಂದು, ಮೇಸ್ತ್ರಿಗೇ ಒಪ್ಪಿಸಿದರು. ಅದರಲ್ಲಿಡಲು ಒಂದು ಒಳ್ಳೆಯ ವಸ್ತು ಬೇಕು ಎಂದಾಗ ಮೇಸ್ತ್ರಿಯ ಬಾಯಿಂದ ಭಾವನ ಪುಟದ ಮಾತು ಬಂದುಬಿಟ್ಟಿತು. ಮೇಡಂ ಕಣ್ಣು ಅರಳಿತು. "ನಿಮ್ಮಕ್ಕ ಕೊಟ್ರೆ, ರೋಲರ್ ಬಂದ ದಿನಾನೇ ಒಂದು ಪ್ರತಿ ತೆಗೆದು ಅವರ ಕೈಗೆ ಕೊಡ್ತೀವಿ. ಅವರೇ ಮೊದಲು ಓದಲಿ," ಎಂದರು.

ಅಕ್ಕ ಎರಡು ದಿನ ಯೋಚಿಸಿದಳು. ಮೂರನೇ ದಿನ ಟ್ರಂಕು ಎಳೆದಳು.

"ನೋಡೋ, ಇದನ್ನ ಮ್ಯೂಸಿಯಂನವರನ್ನ ನಂಬಿ ಕೊಡ್ತಿಲ್ಲ ನಾನು," ಎಂದಳು. "ಶೋಕೇಸ್ ನಿಂದು ಅಂತ ಕೊಡ್ತಿದೀನಿ."

"ಗಾಳಿಗೂ ಒಳಗೆ ಹೋಗೋಕೆ ನನ್ನ ಪರ್ಮಿಷನ್ ಬೇಕಕ್ಕ," ಎಂದ ಮೇಸ್ತ್ರಿ.

ಅವನು ಮಾಡಿದ ಶೋಕೇಸು ನಿಜಕ್ಕೂ ನೋಡುವ ಹಾಗಿತ್ತು. ಕೆಳಗೆ ಪ್ಲೈವುಡ್ಡಿನ ಪೀಠ, ಸೊಂಟದೆತ್ತರ. ಮೇಲೆ ಐದು ಮುಖದ ದಪ್ಪ ಗಾಜು, ಮೂಲೆಗಳಲ್ಲಿ ಲೋಹದ ಪಟ್ಟಿಯಿಲ್ಲ, ಗಾಜಿಗೆ ಗಾಜೇ ಅಂಟು. ಸ್ಕ್ರೂ ಒಂದೂ ಕಣ್ಣಿಗೆ ಬೀಳದು. ದೀಪದ ಶಾಖ ಒಳಗೆ ಹೋಗದಿರಲಿ ಎಂದು ದೀಪವನ್ನು ಹೊರಗೇ ಇಟ್ಟ. ತೇವ ಹೀರುವ ಪೊಟ್ಟಣಗಳಿಗೆ ಪೀಠದಲ್ಲೊಂದು ಕಳ್ಳ ಡ್ರಾಯರು. ಮೊಳೆಯ ಪುಟ ಕೂರುವ ಹಲಗೆಯನ್ನು ತುಸು ಓರೆ ಮಾಡಿ, ನಿಂತವರಿಗೂ ಗಾಲಿ ಕುರ್ಚಿಯಲ್ಲಿ ಬಂದವರಿಗೂ ಕಾಣುವ ಹಾಗೆ ಅಳತೆ ಹಾಕಿದ. ಬಾಗಿಲಿನ ಅಂಚಿಗೆ ಸುತ್ತ ರಬ್ಬರ್ ಪಟ್ಟಿ, ಒಂದಲ್ಲ, ಎರಡು ಸಾಲು. ತಜ್ಞ ಹೇಳಿದ್ದು ಒಂದು ಸಾಲು. ಎರಡನೆಯದು ಪಂಜರ ಎಂದದ್ದಕ್ಕೆ.

ಗಾಜಿನ ಅಂಗಡಿಯವನು ಪರೀಕ್ಷೆಗೆ ಬಂದ. ಹಚ್ಚಿದ ಸಿಗರೇಟನ್ನು ಬಟ್ಟಲಲ್ಲಿಟ್ಟು ಒಳಗೆ ಸೇರಿಸಿ ಬಾಗಿಲು ಹಾಕಿದರು. ಒಳಗೆಲ್ಲ ಹೊಗೆ ತುಂಬಿತು. ಹೊರಗೆ ಇಬ್ಬರೂ ಅಂಚಿಗೆ ಮೂಗು ಹಚ್ಚಿ ಸುತ್ತು ಬಂದರು. ಒಂದೆಳೆ ಹೊಗೆಯೂ ಇಲ್ಲ. ಸ್ವಲ್ಪ ಹೊತ್ತಿಗೆ ಸಿಗರೇಟೇ ಉಸಿರುಕಟ್ಟಿ ಆರಿಹೋಯಿತು.

"ನಿನ್ನ ಶೋಕೇಸಲ್ಲಿ ಇಲಿ ಹಾಕಿದ್ರೆ ಕೊಲೆ ಕೇಸಾಗತ್ತೆ ಮಾರಾಯ," ಎಂದ ಗಾಜಿನವನು.

ಮೇಸ್ತ್ರಿ ಅಂದು ಗೆದ್ದವನ ಹಾಗೆ ನಕ್ಕ.

ಉದ್ಘಾಟನೆಗೆ ಇನ್ನೂ ಮೂರು ತಿಂಗಳಿದೆ ಎಂದಿದ್ದವರು ಯಾರೋ ದೊಡ್ಡವರ ಪುರುಸೊತ್ತು ನೋಡಿಕೊಂಡು ಅದನ್ನು ಒಂಬತ್ತು ದಿನಕ್ಕೆ ಇಳಿಸಿದರು. ಒಳಹಲಗೆಗೆ ಗಾಢ ನೀಲಿ ಬಣ್ಣ ಬಳಿದು ಆಗಿನ್ನೂ ಎರಡು ದಿನ. ಪ್ಲೈವುಡ್ಡಿನ ಅಂಟೂ ಹಸಿ. ಮೇಡಂ ತಜ್ಞ ಕೊಟ್ಟ ಕಾಗದ ಹಿಡಿದುಕೊಂಡು ಬಂದರು.

"ಮೇಸ್ತ್ರಿ, ಹೊಸ ಹಲಗೆ, ಹೊಸ ಬಣ್ಣ ವಾಸನೆ ಬಿಡೋದು ನಿಲ್ಲೋವರೆಗೂ ಒಳಗೆ ಏನೂ ಇಡಬಾರದು ಅಂತ ಇದೆ ಇದರಲ್ಲಿ. ಸೀಸಕ್ಕಂತೂ ಆಗೋದೇ ಇಲ್ಲ ಅಂತೆ. ಒಂದು ಕೆಲಸ ಮಾಡೋಣ. ಉದ್ಘಾಟನೆಗೆ ನಡುವೆ ಪ್ರೆಸ್ಸಿನ ದೊಡ್ಡ ಫೋಟೋ ಒಂದು ನಿಲ್ಲಿಸೋಣ. ನಿಮ್ಮ ಶೋಕೇಸ್ ಹಿಂದಿನ ಕೋಣೇಲಿ ಬಾಗಿಲು ತೆಗೆದುಕೊಂಡು ಇರಲಿ. ಎರಡು ತಿಂಗಳಾದ ಮೇಲೆ ತಂದ್ರಾಯ್ತು."

ಇಲ್ಲಿ ಹೂಂ ಎಂದಿದ್ದರೆ ಈ ಕಥೆಯೇ ಇಲ್ಲ. ಮೇಡಂ ಹೇಳಿದ್ದು ಗುರುವಿನ ಕಟ್ಟಳೆಯನ್ನೇ. ಕಾರಣ ಕೂಡ ಜೊತೆಗೇ ಸಿಕ್ಕಿತ್ತು. ಆದರೆ ಉದ್ಘಾಟನೆಗೆ ಆ ತಜ್ಞನೂ ಬರುವವನಿದ್ದ. ಅವನು ಬಂದು ಫೋಟೋ ನೋಡಿಕೊಂಡು ಹೋಗುವುದು, ತನ್ನ ಎರಡು ಸಾಲು ರಬ್ಬರು ಹಿಂದಿನ ಕೋಣೆಯಲ್ಲಿ ಕಸಬರಿಗೆಗಳ ಪಕ್ಕ ನಿಲ್ಲುವುದು! ಅಕ್ಕ ಬೇರೆ ಅವತ್ತಿಗೆಂದು ಹೊಸ ಕನ್ನಡಕ ಮಾಡಿಸಿದ್ದಳು.

"ಬಣ್ಣ ಪೂರ್ತಿ ಆರಿದೆ ಮೇಡಂ," ಎಂದ ಮೇಸ್ತ್ರಿ. "ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಏನಾದ್ರೂ ಆದ್ರೆ ನನ್ನನ್ನ ಕೇಳಿ."

ಮೇಡಂ ಅನುಮಾನಿಸಿದರು. ಕೊನೆಗೆ ಒಂದು ರಿಜಿಸ್ಟರು ಮಾಡಿಸಿ ಕೈಗೆ ಕೊಟ್ಟರು. ತಿಂಗಳಿಗೊಮ್ಮೆ, ಮ್ಯೂಸಿಯಂನ ರಜೆಯ ದಿನ, ಮೇಸ್ತ್ರಿ ಶೋಕೇಸು ತೆರೆದು ಪೊಟ್ಟಣ ಬದಲಿಸಬೇಕು, ಒಳಗೆ ಹುಳಿ ವಾಸನೆ ಇದೆಯೇ ನೋಡಬೇಕು, ಇದ್ದರೆ ತಕ್ಷಣ ತಿಳಿಸಬೇಕು, ಬರೆದು ಸಹಿ ಹಾಕಬೇಕು. "ವಾಸನೆ ಬಂದ ಕೂಡಲೇ ತೆಗೆದುಬಿಟ್ರೆ ಏನೂ ಆಗಲ್ಲ ಅಂತೆ," ಎಂದರು.

ಉದ್ಘಾಟನೆ ಚೆನ್ನಾಗಿಯೇ ಆಯಿತು. ತಜ್ಞ ಕಾಗದ ತೂರಿಸಿ ನೋಡಿದ, ತೂರಲಿಲ್ಲ. ಮೇಸ್ತ್ರಿಯ ಕೈ ಕುಲುಕಿ, "ಇದು ಕೆಲಸ," ಎಂದ. ಅಕ್ಕ ಗಾಜಿನ ಮುಂದೆ ಹೊಸ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನಿಂತಳು. ತಿರುಗುಮುರುಗಾದ ಅಕ್ಷರಗಳಲ್ಲಿ ಏನನ್ನೂ ಓದಲು ಯತ್ನಿಸಲಿಲ್ಲ. ಫೋಟೋ ತೆಗೆದವರೆಲ್ಲರ ಫೋಟೋದಲ್ಲೂ ಮೊಳೆಯ ಮೇಲೆ ದೀಪ ಹೊಳೆದು ಬರೀ ಬೆಳಕು ಬಂತು. ದಾಖಲೆಗೆಂದು ಮ್ಯೂಸಿಯಂ ತೆಗೆಸಿದ್ದೂ ಹಾಗೇ.

ರೋಲರು ಬರಲಿಲ್ಲ. ಈ ತಿಂಗಳು, ಮುಂದಿನ ತಿಂಗಳು ಎಂದಾಯಿತು.

ಮೊದಲ ತಿಂಗಳು ಮೇಸ್ತ್ರಿ ಶೋಕೇಸು ತೆರೆದಾಗ ಬಣ್ಣದ ಘಾಟಿತ್ತು. ಅದು ಇರುವುದೇ. ಎರಡನೆಯ ತಿಂಗಳು ಬಾಗಿಲು ಎಳೆದ ಕೂಡಲೇ ಮುಖಕ್ಕೆ ರಪ್ಪನೆ ಬಡಿದದ್ದು ಬೇರೆ ವಾಸನೆ, ಹುಳಿ ವಾಸನೆ, ಮುಚ್ಚಳ ತೆಗೆದ ವಿನೆಗರ್ ಬಾಟಲಿಯ ಹಾಗೆ. ಅವನು ಹಿಂದೆ ಸರಿದು ನಿಂತ. ಕೋಣೆಯಲ್ಲಿ ಯಾರೂ ಇರಲಿಲ್ಲ.

ಹೇಳಬೇಕಾದದ್ದು ಸುಲಭವಿತ್ತು. ಮೇಡಂ ರಜೆಯ ದಿನವೂ ಬರುತ್ತಿದ್ದರು, ಅವರ ಕೋಣೆ ಇಪ್ಪತ್ತು ಹೆಜ್ಜೆ ದೂರ. ಪುಟ ತೆಗೆದು ಟ್ರಂಕಿನಲ್ಲಿಡುವುದು, ಶೋಕೇಸಿನ ಬಾಗಿಲು ಬಿಚ್ಚಿಡುವುದು, ಅಷ್ಟೇ. ಆದರೆ ಅದೇ ವಾರ ಉಳಿದ ಕೋಣೆಗಳ ಹನ್ನೆರಡು ಶೋಕೇಸುಗಳನ್ನು ಯಾರಿಗೆ ಕೊಡುವುದೆಂದು ಕಮಿಟಿ ಕೂರುವುದಿತ್ತು. ಸುತ್ತು ಹಾಕಲು ಬಂದವರು ನಟ್ಟನಡುವೆ ಬಾಯಿ ತೆರೆದು ನಿಂತ ಖಾಲಿ ಶೋಕೇಸು ನೋಡಿದರೆ? 'ಏನಾದ್ರೂ ಆದ್ರೆ ನನ್ನನ್ನ ಕೇಳಿ' ಎಂದವನನ್ನು ಕೇಳಿದರೆ? ಕಮಿಟಿ ಮುಗಿಯಲಿ, ಹತ್ತು ದಿನದಲ್ಲಿ ಏನು ಮಹಾ ಆಗುತ್ತದೆ ಎಂದುಕೊಂಡ. ಪೊಟ್ಟಣ ಎರಡು ಹೆಚ್ಚಿಗೆ ಇಟ್ಟ. ಬಾಗಿಲು ಹಾಕಿದ, ಎರಡು ಸಾಲು ರಬ್ಬರೂ ಕಚ್ಚಿ ಕೂತವು. ರಿಜಿಸ್ಟರಿನಲ್ಲಿ 'ವಾಸನೆ' ಎಂಬುದರ ಮುಂದೆ 'ಇಲ್ಲ' ಎಂದು ಬರೆದು ಸಹಿ ಹಾಕಿದ.

ಕಮಿಟಿ ಹತ್ತು ದಿನಕ್ಕೆ ಕೂರಲಿಲ್ಲ, ಯಾವ ಕಮಿಟಿ ಹೇಳಿದ ದಿನ ಕೂತಿದೆ? ಮೂರನೆಯ ತಿಂಗಳೂ 'ಇಲ್ಲ'. ನಾಲ್ಕನೆಯ ತಿಂಗಳು ಅಕ್ಷರಗಳ ಅಂಚಿನಲ್ಲಿ ಹಿಟ್ಟು ಉದುರಿದ ಹಾಗೆ ಬೆಳ್ಳಗೆ ಏನೋ ಕಂಡಿತು. ಧೂಳು ಎಂದು ತನಗೆ ತಾನೇ ಹೇಳಿಕೊಂಡ. ಧೂಳು ಒಳಗೆ ಹೋಗದ ಶೋಕೇಸು ಮಾಡಿದವನು ಅವನೇ. ಆದರೂ ಹಾಗೆ ಹೇಳಿಕೊಂಡ. ಐದನೆಯ ತಿಂಗಳು ಹನ್ನೆರಡು ಶೋಕೇಸಿನ ಆರ್ಡರು ಅವನಿಗೇ ಆಯಿತು. ಮನೆಯಲ್ಲಿ ಸಂಭ್ರಮ. ಅಕ್ಕನೇ ಮೊದಲು ಬಂದು ಬೆನ್ನು ತಟ್ಟಿದಳು.

ಆಗಲಾದರೂ ಹೇಳಬಹುದಿತ್ತು. ಆದರೆ ಈಗ ಹೇಳಬೇಕಾದದ್ದು ವಾಸನೆಯ ಸುದ್ದಿ ಮಾತ್ರ ಆಗಿರಲಿಲ್ಲ, ಮೂರು ಸಲ ಬರೆದ 'ಇಲ್ಲ'ದ ಸುದ್ದಿಯೂ ಆಗಿತ್ತು. ಒಂದು ಸುಳ್ಳಾದರೆ ಮರೆತೆ ಎನ್ನಬಹುದು. ಮೂರಕ್ಕೆ ಏನು ಹೇಳುವುದು? ನಾಲ್ಕನೆಯದು ಬರೆದ. ಏಳನೆಯ ತಿಂಗಳು ಮೇಡಂ ಗಾಜಿನ ಹೊರಗಿನಿಂದ ಬಗ್ಗಿ ನೋಡಿ, "ಬೂದು ಬೂದಾಗಿ ಕಾಣ್ತಿದೆಯಲ್ಲ?" ಎಂದರು.

"ಹಳೇ ಸೀಸ ಮೇಡಂ. ವಯಸ್ಸಾದ್ರೆ ಹಾಗೇ, ನಮ್ಮ ತಲೆಕೂದಲ ಥರ," ಎಂದ. ಮೇಡಂ ನಕ್ಕರು. ತನ್ನ ತಮಾಷೆಗೆ ತನಗೇ ಹೇಸಿಗೆಯಾಗಿ ಅವನು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡ. ಹೇಸಿಗೆಯಾದದ್ದು ನಿಜ. ಹೇಳದೆ ಉಳಿದದ್ದೂ ಅಷ್ಟೇ ನಿಜ.

ಆ ದಿನಗಳಲ್ಲಿ ಅವನಿಗೆ ಅಕ್ಕನ ಮನೆಗೆ ಹೋಗುವುದೇ ಬೇಡವಾಯಿತು. ಹೋದರೆ ಅವಳದು ಒಂದೇ ಪ್ರಶ್ನೆ: "ರೋಲರ್ ಬಂತೇನೋ?" ಹದಿನೆಂಟು ವರ್ಷ ತಡೆದವಳು ಈಗ ಹದಿನೆಂಟು ದಿನ ತಡೆಯಲಾರದವಳಾಗಿದ್ದಳು. "ಬೈದಿದ್ರೂ ಪರವಾಗಿಲ್ಲ ಕಣೋ. ಏನು ಅಂತ ಗೊತ್ತಾಗ್ಲಿ, ಸಾಕು," ಎಂದಳು ಒಂದು ದಿನ. ಹೆದರಿಕೆ ಬಿಟ್ಟವರ ದನಿಯಲ್ಲಿ ಹೇಳಿದಳು. ರೋಲರು ಬರದೇ ಇರಲಿ ಎಂದು ಬೇಡಿಕೊಳ್ಳುವವನು ಈ ಲೋಕದಲ್ಲಿ ತಾನೊಬ್ಬನೇ ಇರಬೇಕು ಎಂದು ಮೇಸ್ತ್ರಿಗೆ ಅನ್ನಿಸಿತು.

ಹತ್ತನೆಯ ತಿಂಗಳು ರೋಲರು ಬಂತು.

ರಜೆಯ ದಿನ ಬೆಳಿಗ್ಗೆ ಅಕ್ಕ ತಲೆ ಬಾಚಿ ಸಿದ್ಧವಾಗಿ ಬಾಗಿಲಲ್ಲೇ ನಿಂತಿದ್ದಳು. ಮೇಸ್ತ್ರಿ ಅವಳನ್ನು ಸ್ಕೂಟರಿನಲ್ಲಿ ಕರೆತಂದ. ದಾರಿಯುದ್ದಕ್ಕೂ ಅವಳು ಮಾತಾಡುತ್ತಲೇ ಇದ್ದಳು, ಅವನಿಗೆ ಒಂದೂ ಕಿವಿಗೆ ಬೀಳಲಿಲ್ಲ. ಕೋಣೆಯಲ್ಲಿ ಮೇಡಂ ಇದ್ದರು. ಭಾವನ ಜೊತೆ ಕೆಲಸ ಮಾಡಿದ ಮುದುಕ ಒಬ್ಬನನ್ನು ಪ್ರೆಸ್ಸು ನಡೆಸಲು ಕರೆಸಿದ್ದರು. ಅವನು ಆಗಲೇ ಮಸಿ ಕಲಸಿ, ರೋಲರಿಗೆ ಹಚ್ಚಿ, ದಪ್ಪ ಬಿಳಿ ಹಾಳೆ ತುಂಡರಿಸಿಟ್ಟುಕೊಂಡಿದ್ದ.

ಮೇಸ್ತ್ರಿ ಬೀಗ ತೆಗೆದ. ಬಾಗಿಲು ಬಂತು, ವಾಸನೆಯೂ ಬಂತು. ಮೇಡಂ ಕೈ ಮೂಗಿಗೆ ಹೋಯಿತು. ಮುದುಕ ಹತ್ತಿರ ಬಂದು ಬಗ್ಗಿ ನೋಡಿ, ಬೆರಳ ತುದಿಯಿಂದ ಒಂದು ಸಾಲನ್ನು ಮೆಲ್ಲಗೆ ಮುಟ್ಟಿದ. ಬೆರಳಿಗೆ ಬಿಳಿಪುಡಿ ಹತ್ತಿತು. ಮುಟ್ಟಿದ ಕಡೆ ಅಕ್ಷರ ಇರಲಿಲ್ಲ.

"ಯಾರಮ್ಮಾ ಇದನ್ನ ಹುಳಿಯಲ್ಲಿ ನೆನೆಹಾಕಿದ್ದು?" ಎಂದ.

"ಧೂಳು ಅಲ್ವಾ ಅದು?" ಎಂದಳು ಅಕ್ಕ. "ಒರೆಸಿದ್ರೆ ಹೋಗತ್ತೆ, ನಾನು ಪ್ರತಿ ವರ್ಷ ಒರೆಸ್ತಿದ್ದೆ. ಬಟ್ಟೆ ಕೊಡಿ."

"ಒರೆಸಬೇಡಿ ತಾಯಿ. ಒರೆಸಿದ್ರೆ ಇರೋದೂ ಹೋಗತ್ತೆ."

ಮುದುಕ ಪುಟವನ್ನು ಮಗುವಿನ ಹಾಗೆ ಎತ್ತಿ ಪ್ರೆಸ್ಸಿನ ಮೇಲಿಟ್ಟ. ಮಸಿಯ ರೋಲರನ್ನು ತಾಗಿಯೂ ತಾಗದ ಹಾಗೆ ಒಂದೇ ಸಲ ಎಳೆದ, ಹಾಳೆ ಹೊದಿಸಿ ಹಿಡಿ ತಿರುಗಿಸಿದ. ಹಾಳೆ ಎತ್ತಿ ನೋಡಿ ಅಕ್ಕನ ಕೈಗೆ ಕೊಟ್ಟ.

ಅಕ್ಕ ಕನ್ನಡಕ ಸರಿಮಾಡಿಕೊಂಡು, ಶಾಲೆಯ ಮಕ್ಕಳಂತೆ ಗಟ್ಟಿಯಾಗಿ ಓದಿದಳು. "ಕೇಳು. ಅವತ್ತು ನಾನು ಹೇಳಿದ್ದು..." ಅಲ್ಲಿಗೆ ನಿಂತಳು. ಅಲ್ಲಿಂದ ಕೆಳಗೆ ಕಪ್ಪು ಕಲೆ, ಬಿಳಿ ತೇಪೆ, ಎಲ್ಲೋ ಒಂದು ಕೊಂಬು, ಎಲ್ಲೋ ಒಂದು ದೀರ್ಘ. ಹದಿನಾಲ್ಕು ಸಾಲಿನ ಜಾಗ. ಕೊನೆಯ ಸಾಲಿನ ಮೂಲೆಯಲ್ಲಿ 'ಕೋಣೆ' ಎಂಬ ಒಂದು ಪದ ಮಾತ್ರ ಉಳಿದಿತ್ತು.

"ಅವತ್ತು ನಾನು ಹೇಳಿದ್ದು," ಎಂದು ಅವಳು ಇನ್ನೊಮ್ಮೆ ಓದಿದಳು. ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದಳು. "ಹೇಳಿದ್ದು ಏನು? ಹೇಳಿದ್ದು ತಪ್ಪು ಅಂತಾನಾ? ಸರಿ ಅಂತಾನಾ?"

ಮೇಡಂ ಕಣ್ಣಲ್ಲಿ ನೀರು. "ಅಮ್ಮಾ, ತಪ್ಪು ನಮ್ಮದು. ಹೊಸ ಹಲಗೆ, ಬಣ್ಣದ ಹುಳಿ ಗಾಳಿ ಹೊರಗೆ ಹೋಗೋಕೆ ಜಾಗ ಇಲ್ಲದೆ ಒಳಗೇ ಕೂತು ಸೀಸ ತಿಂದುಹಾಕಿದೆ. ಮೊದಲೇ ವಾಸನೆ ಗೊತ್ತಾಗಿದ್ರೆ ತೆಗೆದುಬಿಡಬಹುದಿತ್ತು. ಅದಕ್ಕೇ ತಿಂಗಳಿಗೊಂದ್ಸಲ ನೋಡಿ ಬರೆಯೋಕೆ ಇಟ್ಟಿದ್ವಿ..." ಎನ್ನುತ್ತ ಅವರೇ ಪೀಠದ ಡ್ರಾಯರಿನಿಂದ ರಿಜಿಸ್ಟರು ತೆಗೆದರು. ಪುಟ ತಿರುಗಿಸಿದರು. ಮೇಸ್ತ್ರಿಯ ಮುಖ ನೋಡಿದರು.

ಅಕ್ಕ ಕೈ ಚಾಚಿ ರಿಜಿಸ್ಟರು ಇಸಿದುಕೊಂಡಳು. ತಮ್ಮನ ಅಕ್ಷರ ಅವಳಿಗೆ ಗೊತ್ತಿಲ್ಲದ್ದೇ? ಕೈ ಹಿಡಿದು ತಿದ್ದಿಸಿದವಳು ಅವಳೇ. ಇಲ್ಲ, ಇಲ್ಲ, ಇಲ್ಲ ಎಂದು ಬೆರಳಿಟ್ಟುಕೊಂಡು ಕೊನೆಯವರೆಗೂ ಓದಿದಳು. ಇದರಲ್ಲಿ ಒಂದು ಅಕ್ಷರವೂ ಅಳಿಸಿರಲಿಲ್ಲ.

"ನಿನಗೆ ವಾಸನೆ ಬರಲಿಲ್ವೇನೋ?"

"ನೆಗಡಿ ಇತ್ತಕ್ಕ," ಎಂದುಬಿಟ್ಟ. ಬಾಯಿಗೆ ಬಂದದ್ದು ಅದೇ.

"ಹತ್ತು ತಿಂಗಳೂ ನೆಗಡಿನಾ?"

ಮುದುಕ ಪ್ರೆಸ್ಸಿನ ಕಡೆ ತಿರುಗಿ ರೋಲರು ಒರೆಸತೊಡಗಿದ. ಮೇಸ್ತ್ರಿ ನೆಲ ನೋಡಿದ. ಇನ್ನೊಂದು ಸುಳ್ಳು ಹುಡುಕಿದ, ಸಿಗಲಿಲ್ಲ.

"ಬಂದಿತ್ತಕ್ಕ. ಎರಡನೇ ತಿಂಗಳೇ ಬಂದಿತ್ತು. ಆಗ ಹೇಳಿದ್ರೆ ಹನ್ನೆರಡು ಶೋಕೇಸಿನ ಆರ್ಡರ್ ತಪ್ಪಿಹೋಗತ್ತೆ ಅಂತ..."

ಬಯ್ಯುತ್ತಾಳೆ ಎಂದು ಕಾದ. ಕಪಾಳಕ್ಕೆ ಬಿಗಿಯಲಿ ಎಂದು ನಿಜವಾಗಿಯೂ ಕಾದ. ಐವತ್ತೇಳರ ಮುಖವನ್ನು ಎಂಟು ವರ್ಷದವನಂತೆ ಸ್ವಲ್ಪ ಮುಂದೆ ಚಾಚಿಕೊಂಡೇ ನಿಂತಿದ್ದ.

"ಆರ್ಡರ್ ಸಿಕ್ತಲ್ಲ?" ಎಂದಳು ಅಕ್ಕ.

"ಸಿಕ್ತು."

"ಒಳ್ಳೇದಾಯ್ತು ಬಿಡು."

ಅವಳು ಹಾಳೆಯನ್ನು ಮಸಿ ತಾಗದ ಹಾಗೆ ಮಡಿಸದೆ ಸುರುಳಿ ಸುತ್ತಿದಳು. ಮುದುಕನಿಗೆ, ಮೇಡಂಗೆ ಹೋಗಿಬರುತ್ತೇನೆ ಎಂದಳು. ಮೆಟ್ಟಿಲ ಹತ್ತಿರ ಮೇಡಂ ಕೈ ಹಿಡಿದುಕೊಳ್ಳಲು ಹೋದರೆ, "ನೀವೇನು ಮಾಡ್ತೀರಮ್ಮ, ನೀವು ಹೇಳೇ ಇಟ್ಟಿದ್ರಲ್ಲ," ಎಂದು ಅವರನ್ನೇ ಸಮಾಧಾನ ಮಾಡಿ ಇಳಿದಳು.

ಮೇಸ್ತ್ರಿ ಸ್ಕೂಟರು ತೆಗೆದುಕೊಂಡು ಹಿಂದೆಯೇ ಓಡಿದ. ಅವಳು ಬಸ್ ಸ್ಟಾಪಿನಲ್ಲಿ, ಬಿಸಿಲಿನಲ್ಲಿ, ಸುರುಳಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅವನು ಎದುರಿಗೆ ಸ್ಕೂಟರು ನಿಲ್ಲಿಸಿದ.

"ಹತ್ತಕ್ಕ. ಮನೆಗೆ ಬಿಡ್ತೀನಿ."

"ಬೇಡ ಕಣೋ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಿನವೂ ಮಾತಾಡುವ ದನಿಯೇ ಅದು. "ನಿನಗೆ ಕೆಲಸ ಇದೆಯಲ್ಲ. ಹನ್ನೆರಡು ಮಾಡಬೇಕು."

ಬಸ್ಸು ಬಂತು. ಅವಳು ಕಂಬಿ ಹಿಡಿದು ಹತ್ತಿ, ಅವನು ನಿಂತ ಕಡೆಯ ಕಿಟಕಿಯ ಪಕ್ಕದ ಸೀಟು ಖಾಲಿ ಇದ್ದರೂ ಆಚೆ ಬದಿಗೆ ಹೋಗಿ ಕೂತಳು.